ನಾನು ಬಂದೆ, ಹೊಟ್ಟೆ ಇನ್ನೂ ಬಂದಿಲ್ಲ

ಹೊರದೇಶದ ಪ್ರವಾಸ ಮುಗಿಸಿ ಬಂದು ಏಳು ತಿಂಗಳಾಯಿತು. ಫೋಟೋಗಳನ್ನು ಎಲ್ಲರೂ ನೋಡಿ ಮರೆತಿದ್ದಾರೆ. ಹೊಟ್ಟೆ ಮಾತ್ರ ಇನ್ನೂ ಅಲ್ಲೇ ಎಲ್ಲೋ ಉಳಿದುಕೊಂಡ ಹಾಗಿದೆ. "ಈಗ ಹೇಗಿದೆ?" ಅಂತ ಕೇಳಿದವರಿಗೆ ಮೊದಮೊದಲು ಎಲ್ಲ ಬಿಡಿಸಿ ಹೇಳುತ್ತಿದ್ದೆ. ಆಮೇಲೆ "ಪರವಾಗಿಲ್ಲ" ಅನ್ನೋಕೆ ಶುರು ಮಾಡಿದೆ, ಯಾಕಂದ್ರೆ ತಿಂಗಳುಗಟ್ಟಲೆ ಅದೇ ಹೊಟ್ಟೆ ಪುರಾಣ ಕೇಳುವ ತಾಳ್ಮೆ ಯಾರಿಗಿರುತ್ತದೆ, ಅದೂ ಊಟದ ಹೊತ್ತಲ್ಲಿ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೇಸಿಗೆ ಪಡುವವರು ಇಲ್ಲೇ ನಿಲ್ಲಿಸಿಬಿಡಿ, ಮುಂದೆ ಮಲದ ಮಾತು ಜಾಸ್ತಿ ಇದೆ.

ಅಲ್ಲಿದ್ದಾಗ ಆದದ್ದು ವಿಶೇಷವೇನಲ್ಲ. ನಾಲ್ಕನೇ ರಾತ್ರಿ ಭೇದಿ ಹಿಡಿಯಿತು. ಪ್ರಯಾಣದಲ್ಲಿ ಬರುವ ಭೇದಿಗೆ ಹೆಚ್ಚಿನ ಸಲ ಬ್ಯಾಕ್ಟೀರಿಯಾ ಕಾರಣ, ಮೂರರಿಂದ ಐದು ದಿನದಲ್ಲಿ ತಾನಾಗೇ ಹೋಗುತ್ತದೆ. ನನ್ನದೂ ಹಾಗೇ ಹೋಯಿತು. ರಾತ್ರಿ ಹೊತ್ತಲ್ಲಿ ಓಆರ್‌ಎಸ್ ಪ್ಯಾಕೆಟ್ ಸಿಗಲಿಲ್ಲ. ಒಂದು ಲೀಟರ್ ಸೀಲ್ ಒಡೆಯದ ಬಾಟಲಿ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿ ಹಾಕಿ ಕುಡಿದೆ. ಕರುಳು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವಾಗ ಉಪ್ಪನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿ ನಿಲ್ಲುವುದಿಲ್ಲ, ಆದರೆ ನಾವು ಒಣಗಿ ಬೀಳುವುದಿಲ್ಲ.

ಮನೆಗೆ ಬಂದ ಮೇಲೆ ಶುರುವಾದದ್ದೇ ಬೇರೆ. ಬಂದು ಹತ್ತು ದಿನವಾಗಿರಬೇಕು, ಒಂದು ಬೆಳಿಗ್ಗೆ ತೇಗು ಬಂತು, ಕೊಳೆತ ಮೊಟ್ಟೆಯ ವಾಸನೆ. ನನ್ನದೇ ತೇಗಿಗೆ ನಾನೇ ಮೂಗು ಮುಚ್ಚಿಕೊಂಡೆ. ಆಮೇಲೆ ಹೊಟ್ಟೆ ಉಬ್ಬರ, ಸಂಜೆಯಾದರೆ ಪ್ಯಾಂಟಿನ ಗುಂಡಿ ಹಾಕೋಕಾಗುವುದಿಲ್ಲ. ಮಲ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತಿತ್ತು, ಎರಡು ಸಲ ಫ್ಲಶ್ ಮಾಡಿದರೂ ಹೋಗುತ್ತಿರಲಿಲ್ಲ. ಜ್ವರವಿಲ್ಲ, ರಕ್ತವಿಲ್ಲ. ಒಂದೆರಡು ದಿನ ಚೆನ್ನಾಗಿರುತ್ತಿದ್ದೆ, ಸರಿ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ. ಮೈಯಲ್ಲಿ ಸುಸ್ತು ಅಂದರೆ ಎಂಥದ್ದು ಅಂತೀರಾ, ಸ್ನಾನ ಮಾಡಿ ಬಂದು ಒಂದು ಗಳಿಗೆ ಕೂತುಕೊಳ್ಳಬೇಕಾಗುತ್ತಿತ್ತು.

ಇಲ್ಲಿ ನಾನು ಮಾಡಿದ ದಡ್ಡತನ ಹೇಳಲೇಬೇಕು. ಮನೆಯಲ್ಲಿ ಹಿಂದೆ ಯಾವುದಕ್ಕೋ ತಂದು ಉಳಿದಿದ್ದ ಆಂಟಿಬಯಾಟಿಕ್ ಇತ್ತು. ಅದನ್ನೇ ನುಂಗಿದೆ. ಒಳಗಿದ್ದದ್ದು ಅದಕ್ಕೆ ಸಾಯುವ ಜಾತಿಯೇ ಅಲ್ಲ. ಸತ್ತದ್ದು ಕರುಳಲ್ಲಿ ಸುಮ್ನೆ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳು, ಅಷ್ಟೇ. ಭೇದಿ ಇನ್ನೂ ಜೋರಾಯಿತು. ಹೀಗೆ ಐದು ವಾರ, ಆರು ಕೆಜಿ ತೂಕ ಹೋಯಿತು. ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣುತ್ತೀಯ ಅಂದವರೂ ಇದ್ದಾರೆ.

ಮೊದಲು ನೋಡಿದ ಡಾಕ್ಟರು ಒಂದು ಮಲ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟಿನಲ್ಲಿ ಏನೂ ಇಲ್ಲ. "ಟೆನ್ಷನ್ ಮಾಡ್ಕೋಬೇಡಿ, ಎಲ್ಲಾ ನಾರ್ಮಲ್" ಅಂದರು. ತಪ್ಪು ಅವರದ್ದೊಂದೇ ಅಲ್ಲ, ಪ್ರವಾಸದ ವಿಷಯ ನಾನು ಬಾಯಿಬಿಟ್ಟಿರಲೇ ಇಲ್ಲ, ಬಂದು ತಿಂಗಳ ಮೇಲಾಗಿತ್ತಲ್ವಾ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ಎರಡನೇ ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ "ಈಚೆಗೆ ಎಲ್ಲಾದರೂ ಹೋಗಿದ್ರಾ?" ತೇಗಿನ ವಾಸನೆ ಹೇಳಿದ ಕೂಡಲೇ ಅವರಿಗೆ ಅನುಮಾನ ಬಂತು. ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ ಅಂದರು. ಎರಡನೆಯದರಲ್ಲಿ ಸಿಕ್ಕಿತು: ಜಿಯಾರ್ಡಿಯಾ.

ಇದು ಬ್ಯಾಕ್ಟೀರಿಯಾ ಅಲ್ಲ, ಒಂದೇ ಕೋಶದ ಪರಾವಲಂಬಿ ಜೀವಿ. ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ. ಒಳಗೆ ಸೇರಿದ ಒಂದೆರಡು ವಾರಕ್ಕೆ ತೊಂದರೆ ಶುರುವಾಗುವುದು, ಅಂದರೆ ಅಲ್ಲಿ ಮೂರು ದಿನ ಕಾಡಿದ್ದು ಒಬ್ಬ ಅತಿಥಿ, ಜೊತೆಗೆ ಮನೆಗೇ ಬಂದದ್ದು ಇನ್ನೊಬ್ಬ. ಇದರ ಮೊಟ್ಟೆಯಂಥ ಗಟ್ಟಿ ಚಿಪ್ಪಿನ ಕೋಶಗಳು ಪ್ರತಿದಿನ ಮಲದಲ್ಲಿ ಬೀಳುವುದಿಲ್ಲ, ಅದಕ್ಕೇ ಒಂದೇ ಸ್ಯಾಂಪಲ್ ನಂಬೋಕಾಗದು. ನೀರಿಗೆ ಹಾಕುವ ಕ್ಲೋರಿನ್‌ಗೂ ಸುಲಭವಾಗಿ ಬಗ್ಗುವುದಿಲ್ಲ, ಕುದಿಸಿದರೆ ಸಾಯುತ್ತವೆ. ಇದನ್ನು ಮೊದಲು ನೋಡಿದ್ದು ಹಾಲೆಂಡಿನ ಡೆಲ್ಫ್ಟ್ ಊರಿನ ಸೂಕ್ಷ್ಮಜೀವಿ ಸಂಶೋಧಕ ಲೇವೆನ್‌ಹುಕ್, 1681ರಲ್ಲಿ, ತನಗೆ ಭೇದಿಯಾಗಿದ್ದಾಗ ತನ್ನದೇ ಮಲವನ್ನು ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ಇಟ್ಟು. ಡಬ್ಬಿ ಹಿಡಿದುಕೊಂಡು ಲ್ಯಾಬಿಗೆ ಹೋಗುವಾಗಿನ ನನ್ನ ನಾಚಿಕೆ ಇದನ್ನು ಓದಿದ ಮೇಲೆ ಸ್ವಲ್ಪ ಕಡಿಮೆಯಾಯಿತು.

ಟಿನಿಡಜೋಲ್ ಕೊಟ್ಟರು, ಒಂದೇ ಸಲ ನುಂಗುವ ಡೋಸು. ಎರಡು ದಿನ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿತ್ತು. ಮೂರನೇ ದಿನ ತೇಗು ನಿಂತಿತು. ಆ ಖುಷಿಗೆ ಒಂದು ದೊಡ್ಡ ಲೋಟ ಹಾಲು ಕುಡಿದೆ. ಒಂದು ಗಂಟೆಯಲ್ಲಿ ಮತ್ತೆ ಟಾಯ್ಲೆಟ್.

ಮದ್ದು ಕೆಲಸ ಮಾಡಿಲ್ಲ ಅಂತ ಎದೆ ಒಡೆದುಹೋಯಿತು. ಮತ್ತೆ ಪರೀಕ್ಷೆ ಮಾಡಿಸಿದರೆ ಈ ಸಲ ಮೂರೂ ಖಾಲಿ. ಜಿಯಾರ್ಡಿಯಾ ನಿಜವಾಗಿಯೂ ಹೋಗಿತ್ತು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ತಯಾರಾಗುವುದು ಸಣ್ಣ ಕರುಳಿನ ಒಳಗಿನ ಬೆರಳಿನಂಥ ಎಳೆಗಳ ತುದಿಯಲ್ಲಂತೆ. ಜಿಯಾರ್ಡಿಯಾ ಹಾಳುಮಾಡಿ ಹೋಗುವುದು ಅದೇ ಜಾಗವನ್ನು. ಮತ್ತೆ ಚಿಗುರಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಇದನ್ನು ಮದ್ದು ಬರೆಯುವಾಗಲೇ ಒಂದು ಮಾತು ಹೇಳಿದ್ದರೆ ಹತ್ತು ದಿನದ ನಿದ್ದೆ ಉಳಿಯುತ್ತಿತ್ತು.

ಹಾಲು ಬಿಟ್ಟೆ, ಅರ್ಧ ಸರಿಯಾಯಿತು. ಇನ್ನರ್ಧ ಹಾಗೇ ಉಳಿಯಿತು. ಸೋಂಕು ಹೋದ ಮೇಲೂ ಕೆಲವರ ಕರುಳು ಅದೇ ಗಾಬರಿಯಲ್ಲಿ ಉಳಿದುಬಿಡುತ್ತದೆ, ಸ್ವಲ್ಪ ಗ್ಯಾಸ್ ಆದರೂ ನೋವು, ಸ್ವಲ್ಪ ತಿಂದರೂ ಓಟ. ಇದಕ್ಕೆ ಸೋಂಕಿನ ನಂತರದ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅನ್ನುತ್ತಾರೆ. ನಾರ್ವೆಯ ಬರ್ಗೆನ್ ನಗರದಲ್ಲಿ 2004ರಲ್ಲಿ ಕುಡಿಯುವ ನೀರಿಗೇ ಜಿಯಾರ್ಡಿಯಾ ಸೇರಿ ಸಾವಿರಕ್ಕೂ ಹೆಚ್ಚು ಜನಕ್ಕೆ ಬಂದಿತ್ತು. ಮೂರು ವರ್ಷದ ಮೇಲೆ ಕೇಳಿದರೆ ಅವರಲ್ಲಿ ಅರ್ಧಕ್ಕೆ ಹತ್ತಿರ ಜನಕ್ಕೆ ಐಬಿಎಸ್ ಲಕ್ಷಣಗಳಿದ್ದವು, ಸುಸ್ತೂ ಇತ್ತು. ಸೋಂಕು ತಗಲದವರಲ್ಲಿ ನೂರಕ್ಕೆ 14 ಮಂದಿಗೆ ಮಾತ್ರ. ಇದನ್ನು ಓದಿ ಬೇರೆ ಯಾರಾದರೂ ಹೆದರುತ್ತಿದ್ದರೇನೋ, ನನಗೆ ಮಾತ್ರ ಸಮಾಧಾನ ಆಯಿತು. ಎಲ್ಲ ನಿನ್ನ ತಲೆಯಲ್ಲಿದೆ ಅಂತ ಹೇಳಿಸಿಕೊಂಡು ಹೇಳಿಸಿಕೊಂಡು ನಾನೂ ಹಾಗೇ ನಂಬೋಕೆ ಶುರು ಮಾಡಿದ್ದೆ.

ಈಗ ಹೇಗೆ ಸಂಭಾಳಿಸುತ್ತಿದ್ದೇನೆ ಅಂದರೆ, ಒಂದು ಸಣ್ಣ ನೋಟ್‌ಬುಕ್. ಏನು ತಿಂದೆ, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು. ಈರುಳ್ಳಿ, ಬೆಳ್ಳುಳ್ಳಿ ಕಳ್ಳರು ಅಂತ ಗೊತ್ತಾದದ್ದು ಅದರಿಂದಲೇ. ಮಧ್ಯೆ ಒಂದು ಸಲ ಭಯದಲ್ಲಿ ಒಂದೊಂದೇ ಬಿಡುತ್ತಾ ಹೋಗಿ ತಿನ್ನೋಕೆ ನಾಲ್ಕೇ ಪದಾರ್ಥ ಉಳಿದಿದ್ದವು. ಡಯೆಟಿಷಿಯನ್ ಬೈದರು. ಫಾಡ್‌ಮ್ಯಾಪ್ ಪಥ್ಯ ಅಂತ ಒಂದಿದೆ, ಕರುಳಲ್ಲಿ ಸರಿಯಾಗಿ ಜೀರ್ಣವಾಗದೆ ಗ್ಯಾಸ್ ಮಾಡುವ ಕೆಲವು ಬಗೆಯ ಸಕ್ಕರೆ ಇರುವ ಪದಾರ್ಥಗಳನ್ನು ಬಿಡುವುದು, ಮೆಲ್ಬೋರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಅದರಲ್ಲೂ ಕೆಲವು ವಾರ ಬಿಟ್ಟು ಮತ್ತೆ ಒಂದೊಂದಾಗಿ ಸೇರಿಸಬೇಕು, ಜೀವನಪೂರ್ತಿ ಬಿಡುವುದಲ್ಲ. ಒಮ್ಮೆಗೇ ಹೊಟ್ಟೆ ತುಂಬ ತಿನ್ನುವುದನ್ನು ನಿಲ್ಲಿಸಿದ್ದೇನೆ. ಖಾಲಿ ಹೊಟ್ಟೆಯ ಕಾಫಿ ಬಿಟ್ಟೆ, ಅದೊಂದು ನಿಜವಾದ ದುಃಖ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳುತ್ತೇನೆ, ಅವಸರ ಮಾಡಿದಷ್ಟೂ ಹೊಟ್ಟೆ ಹಟ ಮಾಡುತ್ತದೆ.

ಆಫೀಸಿನಲ್ಲಿ ಪಕ್ಕ ಕೂರುವ ಒಬ್ಬರಿಗೆ ಮಾತ್ರ ಎಲ್ಲ ಹೇಳಿದ್ದೇನೆ. ಮೀಟಿಂಗಿನಿಂದ ದಿಢೀರ್ ಎದ್ದು ಹೋದರೆ ಅವರೇ ಏನಾದರೂ ಹೇಳಿ ನಿಭಾಯಿಸುತ್ತಾರೆ. ಇದೇ ಥರ ಒದ್ದಾಡುತ್ತಿರುವವರಿಗೆ ಒಂದೇ ಮಾತು: ಎರಡು ವಾರ ದಾಟಿದರೆ ಡಾಕ್ಟರ ಹತ್ತಿರ ಹೋಗಿ, ಪ್ರವಾಸದ ವಿಷಯ ಮೊದಲೇ ಹೇಳಿ. ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇಳಿಯುತ್ತಲೇ ಇರುವ ತೂಕ, ಇವಿದ್ದರೆ ಎರಡು ವಾರವೂ ಕಾಯಬೇಡಿ. ಜ್ವರ, ರಕ್ತ ಇದ್ದಾಗ ಭೇದಿ ನಿಲ್ಲಿಸುವ ಲೋಪರಮೈಡ್ ಅಂತೂ ನೀವಾಗಿಯೇ ನುಂಗಬೇಡಿ.

ಕಳೆದ ತಿಂಗಳಿಂದ ಹಾಲು ಕಾಲು ಲೋಟ ಒಗ್ಗುತ್ತಿದೆ. ಆರರಲ್ಲಿ ನಾಲ್ಕು ಕೆಜಿ ವಾಪಸ್ ಬಂದಿದೆ. ಮೊನ್ನೆ ಮೂರು ಗಂಟೆಯ ಸಿನಿಮಾಗೆ ಹೋಗಿ ಮಧ್ಯೆ ಒಂದು ಸಲವೂ ಏಳದೆ ಕೂತು ಬಂದೆ. ಸೀಟು ಬಾಗಿಲ ಪಕ್ಕದ್ದೇ ತಗೊಂಡಿದ್ದೆ, ಅದು ಬೇರೆ ಮಾತು.