‘ಇದೇ ಕೊನೇ ಗಾಡಿ’ ಅಂದವರಿಗೆ ಎಷ್ಟು ಜಾಸ್ತಿ ಕೊಡಬೇಕು?

ಕಾರಿನ ಹುಚ್ಚು ಇರುವವರ ಕಿವಿಗೆ ಈಗ ಒಂದೇ ಮಾತು ಬೀಳುತ್ತಿದೆ. ಇದು ಕೊನೆಯ ಪೆಟ್ರೋಲ್ ಎಂಜಿನ್. ಇದು ಕೊನೆಯ ಮ್ಯಾನ್ಯುವಲ್ ಗೇರ್. ಇದು ಕೊನೆಯ ವಿ12, ಅಂದರೆ ಹನ್ನೆರಡು ಸಿಲಿಂಡರ್ ಎಂಜಿನ್. ಈಗ ತಗೊಳ್ಳದಿದ್ದರೆ ಇನ್ನು ಯಾವತ್ತೂ ಸಿಗಲ್ಲ, ಅದಕ್ಕೇ ಶೋರೂಮ್ ಬೆಲೆಯ ಮೇಲೆ ಇಷ್ಟು ಕೊಡಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ‘ಕೊನೆಯದು’ ಅನ್ನುವ ಮಾತಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬಾರದು. ಮತ್ತೆ ಮಾಡೋಕೆ ಆಗದೇ ಇರೋದು ಏನಾದರೂ ಆ ಗಾಡಿಯಲ್ಲಿ ಇದ್ದರೆ ಅದಕ್ಕೆ ಕೊಡಿ, ಧಾರಾಳವಾಗಿ ಕೊಡಿ.

ಈ ವಿಷಯ ಎದ್ದಿದ್ದು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ ನಡೆಸುವ ನನ್ನ ಗೆಳೆಯನಿಂದ. ನನ್ನದು ಅಲ್ಲೇ ಹಿಂದಿನ ಗಲ್ಲಿಯಲ್ಲಿ ಮಷಿನ್ ಶಾಪ್. ಕಾಲೇಜಿನಿಂದಲೂ ಅವನಿಗೆ ಪೋರ್ಷೆ ಅಂದರೆ ಪ್ರಾಣ, ಬೆವರು ಸುರಿಸಿ ದುಡ್ಡು ಕೂಡಿಸಿದ್ದಾನೆ, ತಗೊಳ್ಳುವ ಹಕ್ಕು ಅವನಿಗೆ ಪೂರ್ತಿ ಇದೆ. ಮುಂಬೈನ ಒಬ್ಬ ಏಜೆಂಟ್ ಅವನಿಗೆ ಹೆಚ್ಚು ಓಡದ ಒಂದು ಪೋರ್ಷೆ 718 ಕೇಮನ್ ಜಿಟಿ4 ಆರ್‌ಎಸ್ ತೋರಿಸಿದ್ದ. ಫೋನಿನಲ್ಲಿ ಫೋಟೋ ಹಿಡಿದು ನನ್ನ ಹತ್ತಿರ ಬಂದ. "ಲೇ, ಇದು ಕಡೇ ಗಾಡಿ ಅಂತ, ಮುಂದ ಬರೂದಿಲ್ಲಂತ. ಶೋರೂಮ್ ಬೆಲೆ ಮ್ಯಾಲ ನಲವತ್ತು ಲಕ್ಷ ಜಾಸ್ತಿ ಕೇಳಾಕತ್ತಾನ. ಕೊಟ್ಟ ಬಿಡ್ಲೇನು?"

ಗಾಡಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಪೋರ್ಷೆಯದೇ ಇನ್ನೊಂದು ಗಾಡಿ 911 ಜಿಟಿ3ಯ 4 ಲೀಟರ್ ಎಂಜಿನ್ ತಂದು ಡ್ರೈವರ್ ಬೆನ್ನ ಹಿಂದೆ ಕೂರಿಸಿದ್ದಾರೆ. 500 ಕುದುರೆ ಶಕ್ತಿ, 9,000 ಆರ್‌ಪಿಎಂವರೆಗೆ ಏರುತ್ತದೆ. ಬಾಗಿಲ ಹಿಂದೆ ಚಿಕ್ಕ ಗಾಜು ಇರಬೇಕಾದ ಜಾಗದಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ಕಿಂಡಿ ಇಟ್ಟಿದ್ದಾರೆ. ಅಂದರೆ ಎಂಜಿನ್ ಉಸಿರು ಎಳೆಯುವ ಸದ್ದು ನೇರ ನಿಮ್ಮ ಕಿವಿಯ ಪಕ್ಕದಲ್ಲೇ. ಇಂಥ ಗಾಡಿ ಮೇಲೆ ಆಸೆ ಹುಟ್ಟದಿದ್ದರೆ ಆಶ್ಚರ್ಯ.

ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜವೂ ಹೌದು. ಸೈಬರ್ ಸುರಕ್ಷತೆಯ ಹೊಸ ನಿಯಮದಿಂದಾಗಿ ಯುರೋಪಿನಲ್ಲಿ ಮಾಮೂಲಿ ಪೆಟ್ರೋಲ್ 718ರ ಮಾರಾಟ 2024ರಲ್ಲೇ ನಿಂತಿತು. 2025ರ ಅಕ್ಟೋಬರ್‌ನಲ್ಲಿ ತಯಾರಿಕೆಯೂ ಮುಗಿಯಿತು. ಮುಂದಿನ 718 ಪೂರ್ತಿ ಎಲೆಕ್ಟ್ರಿಕ್ ಅಂತ ಕಂಪನಿ ಬಹಳ ದಿನದಿಂದ ಹೇಳುತ್ತಲೇ ಇತ್ತು. ಆದರೆ ಅದೇ 2025ರಲ್ಲಿ, ಎಲೆಕ್ಟ್ರಿಕ್ ಗಾಡಿಗೆ ಅಂದುಕೊಂಡಷ್ಟು ಬೇಡಿಕೆ ಬರದೇ ಇದ್ದಾಗ, ಮುಂದಿನ 718ರಲ್ಲೇ ಟಾಪ್ ಮಾದರಿಗಳಿಗೆ ಪೆಟ್ರೋಲ್ ಎಂಜಿನ್ ಇರುತ್ತದೆ ಅಂತ ಅದೇ ಕಂಪನಿ ಪ್ರಕಟಿಸಿತು. ಈ ಅರ್ಧ ಮಾತ್ರ ಏಜೆಂಟ್ ಬಾಯಿಂದ ಬರಲಿಲ್ಲ.

ಗೆಳೆಯನಿಗೆ ಇದು ಬೇರೆಯವರು ಹೇಳಿ ಅರ್ಥವಾಗಬೇಕಾದ ವಿಷಯವೇ ಅಲ್ಲ. ಅವನ ಫೌಂಡ್ರಿಯ ಹಿಂದಿನ ಶೆಡ್ಡಿನಲ್ಲಿ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ತೆಗೆಯುವ ಮಾದರಿ, ಇಡುವ ಕಬ್ಬಿಣದ ರ್‍ಯಾಕ್ ಇದೆ. ಅದರ ಕೆಳಗಿನ ಸಾಲಿನಲ್ಲಿ ಒಂದು ಪಂಪ್ ಕಂಪನಿಯ ಅಲ್ಯೂಮಿನಿಯಂ ಪ್ಯಾಟರ್ನ್ ಇದೆ, ಪಾರ್ಟ್ ನಂಬರನ್ನು ಕೆಂಪು ಪೇಂಟಿನಲ್ಲಿ ಬರೆದದ್ದು, ಒಂದು ಮೂಲೆ ಸ್ವಲ್ಪ ತಗ್ಗಾಗಿದೆ. ‘ಈ ಮಾಡಲ್ ಬಂದ್, ಇನ್ನು ಆರ್ಡರ್ ಇಲ್ಲ’ ಅಂತ ಆ ಕಂಪನಿಯವರು ಪತ್ರವನ್ನೇ ಕಳಿಸಿದ್ದರು. ಕೆಲವು ವರ್ಷ ಧೂಳು ತಿಂದಿತು. ಆಮೇಲೆ ಅವರೇ ಫೋನ್ ಮಾಡಿ ಸ್ಪೇರ್ ಬೇಕು ಅಂದರು. ಇವನು ಪ್ಯಾಟರ್ನ್ ಒರೆಸಿದ, ಕೋರ್ ಬಾಕ್ಸ್ ಹುಡುಕಿ ತೆಗೆದ, ಮೋಲ್ಡಿಂಗ್ ಹುಡುಗರಿಗೆ ಕೊಟ್ಟ. ಕಾಸ್ಟಿಂಗ್ ಬಂತು, ಅದನ್ನು ಮಷಿನ್ ಮಾಡಿಕೊಟ್ಟವನು ನಾನೇ. ಪ್ಯಾಟರ್ನ್ ಮುರಿದು ಕರಗಿಸಿದ್ದರೆ ಮಾತ್ರ ಅದು ನಿಜವಾಗಿ ಬಂದ್ ಆಗುತ್ತಿತ್ತು. "ಸ್ಟುಟ್‌ಗಾರ್ಟ್‌ನ ಪೋರ್ಷೆಯವರ ರ್‍ಯಾಕ್ ನಿನ್ನ ರ್‍ಯಾಕಿಗಿಂತ ದೊಡ್ಡದಿರಬೇಕಲ್ಲೋ" ಅಂದೆ. ಅವನು ಸುಮ್ಮನಾದ.

ಇದು ಬರೀ ನನ್ನ ಊಹೆಯಲ್ಲ. 911 ಜಿಟಿ2 ಆರ್‌ಎಸ್ ತಯಾರಿಕೆ 2019ರ ಫೆಬ್ರವರಿಯಲ್ಲಿ ಮುಗಿದಿತ್ತು. ಮಾರ್ಚ್‌ನಲ್ಲಿ ಗ್ರಾಂಡೆ ಅಮೆರಿಕಾ ಅನ್ನುವ ಹಡಗು ಬೆಂಕಿ ಹತ್ತಿ ಫ್ರಾನ್ಸಿನ ಕಡೆಯ ಸಮುದ್ರದಲ್ಲಿ ಮುಳುಗಿತು. ಬ್ರೆಜಿಲ್‌ಗೆ ಹೊರಟಿದ್ದ ನಾಲ್ಕು ಜಿಟಿ2 ಆರ್‌ಎಸ್ ಅದರಲ್ಲಿದ್ದವು. ಪೋರ್ಷೆಯವರು ಮುಗಿಸಿದ್ದ ಕೆಲಸ ಮತ್ತೆ ಶುರು ಮಾಡಿ ಆ ನಾಲ್ಕು ಗಿರಾಕಿಗಳಿಗೆ ಗಾಡಿ ಮಾಡಿಕೊಟ್ಟರು. ಲ್ಯಾಂಬೊರ್ಗಿನಿಯ ಅವೆಂಟಡೋರ್ ಉಲ್ಟಿಮೇಗೂ ಹಾಗೇ ಆಯಿತು. 350 ಕೂಪೆ, 250 ರೋಡ್‌ಸ್ಟರ್, ಅಲ್ಲಿಗೆ ಅವೆಂಟಡೋರ್ ಕಥೆ ಮುಗೀತು ಅಂತ 2021ರಲ್ಲಿ ಹೇಳಿದ್ದರು. 2022ರಲ್ಲಿ ಫೆಲಿಸಿಟಿ ಏಸ್ ಹಡಗು ಅಜೋರ್ಸ್ ದ್ವೀಪಗಳ ಹತ್ತಿರ ಮುಳುಗಿದಾಗ ಅದರೊಳಗೆ ಹೋದ ಉಲ್ಟಿಮೇಗಳ ಬದಲಿಗೆ ಬೇರೆ ಗಾಡಿ ಮಾಡಿದರು. ಆ ಗಿರಾಕಿಗಳಿಗೆ ನ್ಯಾಯ ಸಿಕ್ಕಿತು, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಮನಸ್ಸು ಮಾಡಿದರೆ ಮತ್ತೆ ಮಾಡಬಹುದು ಅನ್ನೋದು ಗೊತ್ತಾಯಿತಲ್ವಾ?

ದುಡ್ಡು ಕಳೆದುಕೊಂಡವರ ಕಥೆ ಪೋರ್ಷೆಯ 911 ಆರ್‌ನದು. 2016ರಲ್ಲಿ ಬಂತು, ಬರೀ 991 ಗಾಡಿ, ಬರೀ ಮ್ಯಾನ್ಯುವಲ್. ಜಿಟಿ3ಯಲ್ಲಿ ಮ್ಯಾನ್ಯುವಲ್ ತೆಗೆದುಹಾಕಿದ್ದ ಕಾಲ ಅದು. ಇನ್ನು ಇಂಥ ಎಂಜಿನ್ ಜೊತೆ ಮೂರು ಪೆಡಲ್ ಸಿಗೋದೇ ಇಲ್ಲ ಅಂತ ಜನ ಶೋರೂಮ್ ಬೆಲೆಯ ಮೂರು ನಾಲ್ಕು ಪಟ್ಟು ಕೇಳಿದರು. ಮರು ವರ್ಷವೇ ಹೊಸ ಜಿಟಿ3ಗೆ ಮ್ಯಾನ್ಯುವಲ್ ಬಂತು. ಹಿಂದೆ ರೆಕ್ಕೆ ಇಲ್ಲದ ಜಿಟಿ3 ಟೂರಿಂಗ್ ಕೂಡ ಬಂತು, ದೂರದಿಂದ ನೋಡಿದರೆ ಆರ್ ತರಹವೇ. ಆರ್‌ನ ಬೆಲೆ ಇಳಿಯಿತು. ಗಾಡಿ ಕೆಟ್ಟದಾಗಲಿಲ್ಲ, ಅದು ಮೊದಲಿನಷ್ಟೇ ಚೆನ್ನಾಗಿ ಓಡುತ್ತಿತ್ತು.

ವಿ12 ಯುಗ ಮುಗೀತು ಅಂತ ಅಳುತ್ತಿದ್ದವರಿಗೆ 2024ರ ಮೇನಲ್ಲಿ ಫೆರಾರಿ 12 ಚಿಲಿಂಡ್ರಿ ತಂದಿತು. ಟರ್ಬೋ ಇಲ್ಲ, ಹೈಬ್ರಿಡ್ ಇಲ್ಲ, 6.5 ಲೀಟರ್, 9,500 ಆರ್‌ಪಿಎಂ.

ಹಾಗಾದರೆ ನಿಜವಾಗಿ ಕೊನೆಯದು ಅಂತ ಯಾವುದೂ ಇಲ್ಲವೇ? ಇದೆ. ಲೆಕ್ಸಸ್ ಎಲ್‌ಎಫ್‌ಎ ನೋಡಿ. 2010ರ ಡಿಸೆಂಬರ್‌ನಿಂದ 2012ರ ಡಿಸೆಂಬರ್‌ವರೆಗೆ ಬರೀ 500. ಯಮಾಹಾ ಜೊತೆ ಸೇರಿ ಮಾಡಿದ 4.8 ಲೀಟರ್ ವಿ10 ಬೇರೆ ಯಾವ ಗಾಡಿಗೂ ಹೋಗಲಿಲ್ಲ. ಎಂಜಿನ್ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ 9,000ಕ್ಕೆ ಹಾರುತ್ತಿತ್ತು, ಮುಳ್ಳಿನ ಮೀಟರ್‌ಗೆ ಆ ವೇಗ ಸಾಲದೆ ಡಿಜಿಟಲ್ ಮೀಟರ್ ಹಾಕಿದರು. ಇದನ್ನೆಲ್ಲ ಇವತ್ತಿನ ಹೊಗೆ ಮತ್ತು ಸದ್ದಿನ ನಿಯಮದೊಳಗೆ ಮತ್ತೆ ಹುಟ್ಟಿಸೋದು ಬಹಳ ಕಷ್ಟ. ಆದರೆ ಆಗ ಯಾರೂ ಇದಕ್ಕೆ ಮುಗಿಬೀಳಲಿಲ್ಲ! 3,75,000 ಡಾಲರ್‌ಗೆ ಹೊಸದು ಅಮೆರಿಕದ ಶೋರೂಮ್‌ಗಳಲ್ಲಿ ವರ್ಷಗಟ್ಟಲೆ ನಿಂತಿತ್ತು. ಈಗ ಅದರ ಎರಡು ಪಟ್ಟಿಗಿಂತ ಜಾಸ್ತಿ ಬಾಳುತ್ತದೆ. ಲಾಭ ಸಿಕ್ಕಿದ್ದು ಇಷ್ಟಪಟ್ಟು ತಗೊಂಡು ಇಟ್ಟುಕೊಂಡವರಿಗೆ.

ಅದಕ್ಕೇ ನಾನು ಮೊದಲು ಕೇಳೋದು, ಈ ಎಂಜಿನ್ ಇನ್ನೆಲ್ಲಿ ಬದುಕಿದೆ ಅಂತ. ಗೆಳೆಯನ ಗಾಡಿಯ 4 ಲೀಟರ್ ಎಂಜಿನ್ ಇವತ್ತಿಗೂ 911 ಜಿಟಿ3ಯಲ್ಲಿ ಬರುತ್ತಿದೆ. ಆಮೇಲೆ, ನಿಲ್ಲಿಸಿದ್ದು ಯಾಕೆ? ನಿಯಮಕ್ಕಾ, ಮಾರಾಟ ಆಗಲಿಲ್ಲ ಅಂತಲಾ, ಇಲ್ಲಾ ಬರೀ ಜಾಹೀರಾತಿಗಾ? ಎಷ್ಟು ಗಾಡಿ ಅಂತ ಕಂಪನಿ ಬರೆದುಕೊಟ್ಟಿದೆಯಾ? ಜಿಟಿ4 ಆರ್‌ಎಸ್‌ಗೆ ಅಂಥ ನಂಬರೇ ಇಲ್ಲ, ಆರ್ಡರ್ ಬಂದಷ್ಟು ಮಾಡಿದ ಗಾಡಿ ಅದು.

ಇನ್ನೊಂದು ವಿಷಯ ನಮ್ಮ ಕಡೆ ಯಾರೂ ಹೇಳೋದಿಲ್ಲ, ಇನ್ಶೂರೆನ್ಸ್. ಐಡಿವಿ, ಅಂದರೆ ಗಾಡಿ ಪೂರ್ತಿ ಹಾಳಾದಾಗ ಇನ್ಶೂರೆನ್ಸ್‌ನವರು ಕೊಡುವ ಗರಿಷ್ಠ ಮೊತ್ತ, ಲೆಕ್ಕ ಹಾಕೋದು ಕಂಪನಿಯ ಪಟ್ಟಿ ಬೆಲೆಯಿಂದ ಸವಕಳಿ ಕಳೆದು. ಆರು ತಿಂಗಳು ದಾಟಿದರೆ 15%, ವರ್ಷ ದಾಟಿದರೆ 20% ಹೋಯಿತು. ನೀವು ಮೇಲೆ ಕೊಟ್ಟ ನಲವತ್ತು ಲಕ್ಷ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಗಾಡಿ ಪೂರ್ತಿ ಹಾಳಾದರೆ ಆ ದುಡ್ಡು ಹೋಯಿತು ಅಂತಲೇ. ಏಜೆಂಟ್‌ಗಳು ಇದನ್ನು ಕ್ಯಾಶ್‌ನಲ್ಲಿ ಕೇಳ್ತಾರೆ, ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋದು ಆದಾಯ ತೆರಿಗೆ ಕಾನೂನಿನ ಪ್ರಕಾರ ತಪ್ಪು. ಮಹಾರಾಷ್ಟ್ರದಲ್ಲಿ ನೋಂದಣಿಯಾದ ಎಂಎಚ್ ಗಾಡಿ ಆದ್ದರಿಂದ ಎನ್‌ಒಸಿ ತಂದು ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟೋದು ಬೇರೆ, ಬೆಳಗಾವಿಯವರಿಗೆ ಆ ಓಡಾಟ ಹೇಳಿಕೊಡಬೇಕಿಲ್ಲ.

ಗೆಳೆಯ ಏಜೆಂಟ್‌ಗೆ ಬಿಲ್ ಬೆಲೆಯಷ್ಟೇ ಕೊಡ್ತೀನಿ, ಬ್ಯಾಂಕಿನಿಂದ ಕೊಡ್ತೀನಿ ಅಂದ. ಬೇರೆ ಪಾರ್ಟಿ ರೆಡಿ ಇದೆ ಅಂತ ಉತ್ತರ ಬಂತು. "ಹಂಗಾದ್ರ ಅವರಿಗೇ ಕೊಡ್ರಿ" ಅಂತ ಫೋನ್ ಇಟ್ಟ. ಈಗ ಪುಣೆಯಲ್ಲಿ ಹಳೆಯ ಕೇಮನ್ ಜಿಟಿ4 ಒಂದಿದೆ, 3.8 ಲೀಟರ್, ಮ್ಯಾನ್ಯುವಲ್. ಇಬ್ಬರೂ ಹೋಗಿ ನೋಡುತ್ತೇವೆ. ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಬೇಕು, ಸರ್ವಿಸ್ ದಾಖಲೆ ಪೂರ್ತಿ ಬೇಕು, ಎಂಜಿನ್ ಮಿತಿ ಮೀರಿ ಸುತ್ತಿದೆಯಾ ಅಂತ ಕಂಪ್ಯೂಟರ್‌ನಿಂದ ಓವರ್ ರೆವ್ ರಿಪೋರ್ಟ್ ತೆಗೆಸಬೇಕು. ಅದು ಕೊಡದಿದ್ದರೆ ಬೆಲೆಯ ಮಾತೇ ಬೇಡ ಅಂತ ಮಾರುವವರಿಗೆ ಈಗಾಗಲೇ ಹೇಳಿದ್ದೇವೆ.