ಕಾಡಿನೊಳಗೆ ಏಳ್ತಾ ಇರೋ ಹೊಸ ಹಳೇ ಕೋಟೆ

ಫ್ರಾನ್ಸಿಗೆ ಹೋದವರು ಸಾಮಾನ್ಯವಾಗಿ ಲ್ವಾರ್ ನದಿ ಕಡೆಯ ಅರಮನೆಗಳನ್ನ ನೋಡ್ಕೊಂಡು ಬರ್ತಾರೆ, ನಾವೂ ಎರಡು ನೋಡಿದ್ವಿ, ಆದ್ರೆ ನನ್ನ ಮನಸ್ಸಲ್ಲಿ ಕೂತಿದ್ದು ಬರ್ಗಂಡಿ ಪ್ರಾಂತ್ಯದ ಗೆದೆಲೋನ್ ಕೋಟೆ. ಪ್ಯಾರಿಸ್‌ನಿಂದ ಕಾರಲ್ಲಿ ಎರಡು ಗಂಟೆ ಮೇಲಾಗತ್ತೆ, ತ್ರೆನ್ಯಿ ಅನ್ನೋ ಹಳ್ಳಿ ಹತ್ರ. ಕೋಟೆ ಕಾಣೋಕೆ ಮುಂಚೆನೇ ಕಲ್ಲಿನ ಮೇಲೆ ಉಳಿ ಬೀಳೋ ಸದ್ದು ಕೇಳಿಸ್ತು.

ಯಾಕಂದ್ರೆ ಇದನ್ನ ಕಟ್ಟೋಕೆ ಶುರು ಮಾಡಿದ್ದೇ 1997ರಲ್ಲಿ, ಇನ್ನೂ ಕಟ್ತಾನೇ ಇದಾರೆ! ಅಲ್ಲೇ ಹತ್ತಿರದ ಸೇಂಟ್ ಫಾರ್ಜೋ ಅರಮನೆನ ಕೊಂಡು ರಿಪೇರಿ ಮಾಡಿಸಿದ ಮಿಶೆಲ್ ಗ್ಯುಯೋ ಅನ್ನೋರಿಗೆ, ಅದರ ಇಟ್ಟಿಗೆ ಗೋಡೆ ಹಿಂದೆ ಇನ್ನೂ ಹಳೇದೊಂದು ಕಲ್ಲಿನ ಕೋಟೆ ಅಡಗಿದೆ ಅಂತ ಗೊತ್ತಾಯ್ತು, ಹಾಗಾದ್ರೆ ಅಂಥದ್ದೊಂದನ್ನ 13ನೇ ಶತಮಾನದವರ ಹಾಗೇ ಬುಡದಿಂದ ಕಟ್ಟಿ ನೋಡೋಣ ಅಂತ ಹೊರಟ್ರು. ಪಾಳು ಬಿದ್ದಿದ್ದ ಕಲ್ಲುಗಣಿನೇ ಜಾಗ. ಕಲ್ಲು, ಓಕ್ ಮರ, ಮಣ್ಣು, ನೀರು ಎಲ್ಲ ಅಲ್ಲೇ ಸಿಗತ್ತೆ. ಕಲ್ಲಲ್ಲಿ ಕಬ್ಬಿಣದ ಅಂಶ ಇರೋದ್ರಿಂದ ಗೋಡೆಗಳಿಗೆಲ್ಲ ತುಕ್ಕಿನ ಬಣ್ಣ.

ನಕ್ಷೆ ಫ್ರಾನ್ಸಿನ ರಾಜ ಫಿಲಿಪ್ ಆಗಸ್ಟ್ ಕಾಲದ ಮಾದರಿಯದ್ದು: ಸುತ್ತ ನೀರಿಲ್ಲದ ಕಂದಕ, ಮೂಲೆಗಳಲ್ಲಿ ದುಂಡನೆ ಬುರುಜು, ಅದರಲ್ಲೊಂದು ಉಳಿದವಕ್ಕಿಂತ ದೊಡ್ಡದು, ಬಾಗಿಲಿಗೆ ಜೋಡಿ ಬುರುಜು. ಬಾಣ ಬಿಡೋ ಸಂದು ಹೊರಗಿಂದ ಬರೀ ಗೀರು, ಒಳಗೆ ಹೋದ್ರೆ ಒಬ್ಬ ಮನುಷ್ಯ ಆರಾಮಾಗಿ ನಿಲ್ಲೋಷ್ಟು ಅಗಲ.

ಅಳತೆಗೆ 13 ಗಂಟಿನ ಹಗ್ಗ. ಗಂಟುಗಳ ನಡುವೆ 12 ಸಮ ಭಾಗ, ಅದನ್ನ 3, 4, 5 ಭಾಗದ ಬದಿಗಳಿರೋ ತ್ರಿಕೋನ ಮಾಡಿ ಎಳೆದು ಹಿಡಿದ್ರೆ ಸರಿಯಾದ ಮೂಲೆಮಟ್ಟ ಸಿಗತ್ತೆ, ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದ ಪೈಥಾಗೊರಸ್ ನನಗೆ ನಿಜವಾಗಿ ಅರ್ಥ ಆಗಿದ್ದು ಅವತ್ತೇ. ಮೇಲೆ ಕಲ್ಲು ಸಾಗಿಸೋಕೆ ಮರದ ದೊಡ್ಡ ಚಕ್ರ, ಅದರೊಳಗೆ ಜನ ನಿಂತು ನಡೀತಾರೆ, ಅವರು ಹೆಜ್ಜೆ ಹಾಕಿದಷ್ಟೂ ಹಗ್ಗ ಸುತ್ಕೊಂಡು ಕಲ್ಲು ಮೇಲೇರತ್ತೆ. ಎಷ್ಟು ಹೊತ್ತು ನೋಡ್ತಾ ನಿಂತಿದ್ವೋ!

ಬಡಗಿಗಳ ಹತ್ರ ಇನ್ನೂ ಹೆಚ್ಚು ಹೊತ್ತು ಇದ್ವಿ. ಹಸಿ ಓಕ್ ದಿಮ್ಮಿಗೆ ಗೆರೆ ಹಾಕಿ ಕೊಡಲಿಯಲ್ಲೇ ಚೌಕ ಮಾಡ್ತಾರೆ, ಗರಗಸದ ಥರ ನಾರು ಅಡ್ಡ ಕತ್ತರಿಸಲ್ಲ, ಮರ ಹೇಗೆ ಬಳುಕಿ ಬೆಳ್ದಿದ್ಯೋ ತೊಲೆನೂ ಹಾಗೇ ಬಳುಕತ್ತೆ. 2019ರಲ್ಲಿ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟೋದಾಗ ಅದನ್ನ ಮತ್ತೆ ಕಟ್ಟಿದವರಲ್ಲಿ ಇಲ್ಲಿ ಪಳಗಿದ ಬಡಗಿಗಳೂ ಇದ್ರು. ವಾಪಸ್ ಪ್ಯಾರಿಸ್‌ಗೆ ಬಂದು ಆ ಚರ್ಚೊಳಗೆ ತಲೆ ಎತ್ತಿ ನೋಡ್ದೆ, ಕಲ್ಲಿನ ಕಮಾನಷ್ಟೇ ಕಂಡಿದ್ದು, ತೊಲೆಗಳೆಲ್ಲ ಅದರ ಮೇಲೆ ಕತ್ತಲಲ್ಲಿವೆ.