ನಮ್ಮ ಮೂಲ ಎಲ್ಲಿ ಎಂದು ಕೇಳುವವರಿಗೆ

ಗೊತ್ತಿಲ್ಲ. ನಿಮ್ಮ ಮೂಲ ಎಲ್ಲಿ ಎಂದು ನನಗೆ ಗೊತ್ತಿಲ್ಲ. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ, ಕಾರವಾರದಲ್ಲಿ ಮದುವೆ ಊಟದ ಪಂಕ್ತಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗಲೂ ಈ ಪ್ರಶ್ನೆ ಎದುರಾಗಿದೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿಡುತ್ತೇನೆ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನ್ನ ಕೆಲಸ ಜನಸಮುದಾಯಗಳ ಡಿಎನ್‌ಎ ಮೇಲೆ. ಪಾಪ್ಯುಲೇಶನ್ ಜೆನೆಟಿಕ್ಸ್ ಅನ್ನುತ್ತಾರೆ. ಡಿಎನ್‌ಎಯ ಇಂಥ ಜಾಗದಲ್ಲಿ ಅದರ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಇಂಥದ್ದು ಒಂದು ಸಮುದಾಯದ ಎಷ್ಟು ಜನರಲ್ಲಿದೆ ಎಂದು ಎಣಿಸಿ, ಯಾರು ಯಾರೊಂದಿಗೆ ಯಾವ ಕಾಲದಲ್ಲಿ ಬೆರೆತರು ಎಂದು ಲೆಕ್ಕ ಹಾಕುವುದು. ಇಷ್ಟು ಹೇಳುವಷ್ಟರಲ್ಲಿ ಎದುರಿನವರ ಕಣ್ಣು ಅರಳುತ್ತದೆ. ಹವ್ಯಕರಾದರೆ ಅಹಿಚ್ಛತ್ರ. ಕದಂಬರ ಮಯೂರವರ್ಮ ಉತ್ತರದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ನಮ್ಮ ಸೀಮೆಯಲ್ಲಿ ನೆಲೆ ನಿಲ್ಲಿಸಿದ ಎಂಬ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಾರಸ್ವತರಾದರೆ ಸರಸ್ವತಿ ನದಿ, ಅಲ್ಲಿಂದ ಗೋವೆ, ಗೋವೆಯಿಂದ ಇಲ್ಲಿ. "ಹೌದೋ ಅಲ್ಲವೋ, ಅಷ್ಟು ಹೇಳಿದ್ರೆ ಸಾಕು." ಈ "ಅಷ್ಟು ಹೇಳಿದ್ರೆ ಸಾಕು" ಕೇಳಿದರೆ ನನಗೆ ಮೈ ಉರಿಯುತ್ತದೆ. ಉತ್ತರವನ್ನು ಅವರು ಮನೆಯಿಂದಲೇ ತಂದಿರುತ್ತಾರೆ. ನಾನು ಸೀಲು ಹೊಡೆದು ಕೊಡಬೇಕು, ಅಷ್ಟೇ.

ಎರಡು ವರ್ಷದ ಹಿಂದೆ ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಬಳಗದ ಹುಡುಗನೊಬ್ಬನ ಉಪನಯನ. ಊಟ ಮುಗಿದು ಚಪ್ಪರದಲ್ಲಿ ಕವಳದ ಹರಿವಾಣ ಸುತ್ತು ಬರುತ್ತಿತ್ತು. ದೊಡ್ಡಪ್ಪ ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದರು. ಅಮೆರಿಕದಲ್ಲಿರುವ ಮಗ ಯಾವುದೋ ಕಂಪನಿಗೆ ಉಗುಳು ಕಳಿಸಿ ತರಿಸಿದ ವರದಿಯ ಪ್ರಿಂಟು. ಬಣ್ಣದ ನಕ್ಷೆ, ಪಕ್ಕದಲ್ಲಿ ಶೇಕಡಾವಾರು ಅಂಕಿಗಳು. "ಕೂಸೇ, ಇದ್ರಲ್ಲಿ ಅಹಿಚ್ಛತ್ರ ಎಲ್ಲಿದ್ದು, ತೋರ್ಸು" ಅಂದರು. ಸುತ್ತ ಹತ್ತು ಹನ್ನೆರಡು ಜನ ಕವಳ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಇಲ್ಲ ಅಂದೆ. ಇರಲಿಕ್ಕೂ ಸಾಧ್ಯವಿಲ್ಲ ಅಂದೆ. ಆ ಕಂಪನಿಯವರ ಹತ್ತಿರ ಇರುವುದು ಹೆಚ್ಚಾಗಿ ಇವತ್ತು ಬದುಕಿರುವವರ ಡಿಎನ್‌ಎ. ನಿಮ್ಮ ಮಗನದನ್ನು ಅದರ ಪಕ್ಕ ಇಟ್ಟು, ಯಾವ ಗುಂಪಿಗೆ ಹತ್ತಿರ ಬಂತೋ ಅದರ ಹೆಸರು ಬರೆದು ಕಳಿಸುತ್ತಾರೆ. ಅಹಿಚ್ಛತ್ರ ಈಗ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿರುವ ಹಾಳು ಕೋಟೆ, ಅಲ್ಲಿ ಮಯೂರವರ್ಮನ ಕಾಲದಲ್ಲಿದ್ದವರ ಮಾದರಿ ಇವರಿಗೆ ಎಲ್ಲಿಂದ ಬರಬೇಕು? ದನಿ ಸ್ವಲ್ಪ ಏರಿತ್ತು. ದೊಡ್ಡಪ್ಪ ಕಾಗದವನ್ನು ಅದೇ ಮಡಿಕೆಯಲ್ಲಿ ಮಡಚಿ ಜೇಬಿಗೆ ಇಟ್ಟುಕೊಂಡು, ತೋಟ ನೋಡಿ ಬರುತ್ತೇನೆ ಎಂದು ಎದ್ದು ಹೋದರು. ಎಪ್ಪತ್ತೆಂಟು ವರ್ಷದವರು. ಹತ್ತು ಜನರ ಮುಂದೆ ಹಾಗೆ ಹೇಳಬಾರದಿತ್ತು, ಆದರೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಆಗ ಮೂಲೆಯಲ್ಲಿ ಕೂತಿದ್ದ ಭಾವ ಕೇಳಿದ: "ಆ ಕಂಪನಿ ಲೆಕ್ಕದಲ್ಲಿ ನಮ್ಮ ಬದಿಯವ್ರು ಎಷ್ಟು ಜನ? ಅವ್ರನ್ನ ಆರಿಸಿದ್ದು ಯಾರು?"

ಭಾವ ಆಡಿಟರ್. ಕಾರವಾರದಲ್ಲಿ ಆಫೀಸು, ಘಟ್ಟದ ಮೇಲೆ ಕೆಳಗೆ ಸೊಸೈಟಿಗಳ ಲೆಕ್ಕ ನೋಡುತ್ತಾನೆ. ಡಿಎನ್‌ಎ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ. ಆದರೂ ಅಷ್ಟು ವರ್ಷದಲ್ಲಿ ಬಳಗದವರಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅವತ್ತು ಸಂಜೆವರೆಗೂ ಚಪ್ಪರದಲ್ಲಿ ಇಬ್ಬರೂ ಅದೇ ಮಾತಾಡಿದೆವು.

ಆಡಿಟರೂ ಎಲ್ಲವನ್ನೂ ನೋಡುವುದಿಲ್ಲ. ಸಾವಿರಾರು ಓಚರುಗಳಲ್ಲಿ ಕೆಲವನ್ನು ಆರಿಸಿ ನೋಡುತ್ತಾನೆ, ಆರಿಸುವುದು ಹೇಗೆ ಎಂಬುದಕ್ಕೇ ಅವರಲ್ಲಿ ಎಸ್‌ಎ 530 ಎಂಬ ಮಾನದಂಡ ಇದೆ. ಗುಮಾಸ್ತ ತಾನೇ ಕಟ್ಟಿ ಮುಂದಿಟ್ಟ ಕಟ್ಟನ್ನಷ್ಟೇ ನೋಡಿ ಸಹಿ ಹಾಕಿದರೆ ಕೆಲಸ ಕೆಟ್ಟಿತು ಎಂದ ಭಾವ. ನನ್ನದೂ ಅದೇ ಕಥೆ. ಊರಿನ ಹಿರಿಯರು "ಇವರದ್ದು ತಗೊಳ್ಳಿ" ಎಂದು ಹತ್ತು ಜನರನ್ನು ಕರೆತಂದರೆ, ಬಹಳ ಸಲ ಅದು ಒಂದೇ ಮನೆತನದ ಹತ್ತು ಜನ. ಅದಕ್ಕೇ ಮೊದಲು ಮಾದರಿಗಳನ್ನು ಒಂದಕ್ಕೊಂದು ಹೋಲಿಸಿ ಸಂಬಂಧಿಕರನ್ನು ಬೇರ್ಪಡಿಸುತ್ತೇವೆ. ಎರಡು ಮಾದರಿ ಅಕ್ಷರಕ್ಕೆ ಅಕ್ಷರ ಒಂದೇ ಬಂದರೆ, ತದ್ರೂಪಿ ಅವಳಿಗಳಲ್ಲದಿದ್ದರೆ, ಒಬ್ಬರದ್ದೇ ಎರಡು ಸಲ ಸೇರಿದೆ ಎಂದರ್ಥ. ಒಂದೇ ಬಿಲ್ಲು ಎರಡು ಓಚರಿಗೆ ಅಂಟಿಸಿದ ಹಾಗೆ.

ನನ್ನ ಕೈಯಲ್ಲೂ ತಪ್ಪಾಗಿದೆ. ರಕ್ತ ಹಿಡಿಯುವುದು ನೇರಳೆ ಮುಚ್ಚಳದ ಸಣ್ಣ ನಳಿಗೆಯಲ್ಲಿ. ಮೇಲೆ ಹೆಸರು ಬರೆಯುವ ಹಾಗಿಲ್ಲ, ಬರೀ ನಂಬರು. ಏಪ್ರಿಲ್ ತಿಂಗಳ ಸೆಖೆ, ಕೈ ಬೆವರಿ ಚೀಟಿ ಅಂಟುತ್ತಿರಲಿಲ್ಲ, ಗಂಡ ಹೆಂಡತಿ ಪಕ್ಕಪಕ್ಕ ಕೂತಿದ್ದರು. ಮೂರು ತಿಂಗಳ ನಂತರ ಫಲಿತಾಂಶ ಬಂದಾಗ 41ನೇ ನಂಬರಿನ ಗಂಡಸಿಗೆ ವೈ ಕ್ರೋಮೋಸೋಮ್ ಇಲ್ಲ, 42ರ ಹೆಂಗಸಿಗೆ ಇದೆ. ಚೀಟಿ ಅದಲುಬದಲಾಗಿದೆ ಎಂದು ಯಾರಿಗಾದರೂ ಹೊಳೆಯುತ್ತದೆ, ಬದಲಿಸಿಬಿಟ್ಟರಾಯಿತು ಎಂದು ಜೊತೆಯವರು ಅಂದರು. ನಾನು ಎರಡನ್ನೂ ತೆಗೆದುಹಾಕಿದೆ. ಅವತ್ತು ಮಧ್ಯಾಹ್ನ ಅಂಟಿಸಿದ ಉಳಿದ ಒಂಬತ್ತು ನಳಿಗೆಗಳನ್ನೂ ತೆಗೆದೆ. ಗಂಡು ಗಂಡಿನ ನಡುವೆ ಚೀಟಿ ಬದಲಾಗಿದ್ದರೆ ಈ ಪರೀಕ್ಷೆಯಲ್ಲಿ ಗೊತ್ತೇ ಆಗುವುದಿಲ್ಲವಲ್ಲ. ಹನ್ನೊಂದು ಜನ ನನ್ನನ್ನು ನಂಬಿ ಕೈ ಚಾಚಿದ್ದರು. ಅದು ಇವತ್ತಿಗೂ ಚುಚ್ಚುತ್ತದೆ.

"2009ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು" ಎಂದು ಭಾವನಿಗೆ ಹೇಳಿದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಖ್ ಅವರ ತಂಡದ್ದು. 25 ಸಮುದಾಯಗಳು, 132 ಜನ. "ಇಡೀ ದೇಶಕ್ಕೆ 132 ಜನವಾ?" ಎಂದು ಭಾವ ಹೌಹಾರಿದ. ಹೌಹಾರಬೇಕಾದ್ದೇ. ಆದರೆ ಒಬ್ಬೊಬ್ಬರಲ್ಲೂ ಐದೂವರೆ ಲಕ್ಷಕ್ಕೂ ಹೆಚ್ಚು ಜಾಗಗಳನ್ನು ಓದಿದ್ದರು, ಒಬ್ಬೊಬ್ಬರ ಮೈಯಲ್ಲೂ ನೂರಾರು ಪೂರ್ವಜರ ತುಣುಕುಗಳಿವೆ. ದೇಶದ ಬಹುಪಾಲು ಸಮುದಾಯಗಳು ಎರಡು ಹಳೆಯ ಜನಪ್ರವಾಹಗಳ ಬೆರಕೆ ಎಂಬ ದೊಡ್ಡ ಮಾತಿಗೆ ಅಷ್ಟು ಸಾಕಾಯಿತು. ಶಿರಸಿ ಸೀಮೆಯ ಒಂದು ಮನೆತನ ಎಲ್ಲಿಂದ ಬಂತು ಎನ್ನುವುದಕ್ಕೆ ಅದು ಏನೇನೂ ಸಾಲದು. ಅದೇ ಬಳಗದ ಸಂಶೋಧಕರು 2013ರಲ್ಲಿ ಆ ಬೆರೆಯುವಿಕೆ ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ನಡೆಯಿತು ಎಂದು ಲೆಕ್ಕ ಹಾಕಿದರು. ಆಮೇಲೆ ಮದುವೆಗಳು ಜಾತಿಯೊಳಗೇ ನಿಂತವು. ಮಯೂರವರ್ಮನ ಕಾಲ ಕ್ರಿ.ಶ. ನಾಲ್ಕನೇ ಶತಮಾನ. ಅಂದರೆ ಕಥೆ ನಿಜವೇ ಇದ್ದರೂ, ಅಹಿಚ್ಛತ್ರದಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟವರೇ ಆಗಲೇ ಬೆರೆತವರು. ಶುದ್ಧ ಅನ್ನುವ ಶಬ್ದ ಹಿಡಿದುಕೊಂಡು ನನ್ನ ಹತ್ತಿರ ಬರಬೇಡಿ.

ಇನ್ನೊಂದು ಮಾತು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳು ಈ ಪ್ರಶ್ನೆಯನ್ನು ನನಗೆ ಕೇಳುವುದಿಲ್ಲ. ಅವರಿಗೆ ಅದನ್ನು ಜೀವನವಿಡೀ ಉಳಿದವರೇ ಕೇಳಿರುತ್ತಾರೆ. ಯಲ್ಲಾಪುರದ ಹತ್ತಿರ ಒಬ್ಬ ಹೆಂಗಸು ಮಾತ್ರ "ನಮ್ಮ ರಕ್ತದಲ್ಲಿ ಈ ಊರಿಲ್ವಾ ಮೇಡಂ?" ಎಂದು ಕೇಳಿದ್ದರು. ಇದೆ. ಸಿದ್ದಿಗಳಲ್ಲಿ ಆಫ್ರಿಕಾದ ಜೊತೆ ಇಲ್ಲಿನ ಜನರ ಪಾಲೂ ಇದೆ ಎಂದು 2011ರಲ್ಲೇ ಅಧ್ಯಯನ ಬಂದಿದೆ. ಆ ಉತ್ತರ ಹೇಳಿದಾಗ ನನಗೂ ಖುಷಿಯಾಗಿತ್ತು.

ಭಾವನ ಕೆಲಸವೂ ನನ್ನ ಕೆಲಸವೂ ಇಷ್ಟು ಹತ್ತಿರ ಇರುವುದು ಆಕಸ್ಮಿಕ ಅಲ್ಲ. ಜನರ ಮೈ ಅಳತೆ ತೆಗೆದು ಎರಡು ಸಮುದಾಯಗಳ ನಡುವಿನ ದೂರಕ್ಕೆ ಸೂತ್ರ ಕೊಟ್ಟ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರೇ ಬಂಗಾಳದ ಸೆಣಬಿನ ಗದ್ದೆಗಳನ್ನು ಮಾದರಿ ಆರಿಸಿ ಅಳೆಸಿದವರು. ನಮ್ಮ ಹಡಗಲಿಯಲ್ಲಿ ಹುಟ್ಟಿದ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1946ರಲ್ಲಿ ಕೇಂಬ್ರಿಡ್ಜಿಗೆ ಹೋಗಿದ್ದು ಸುಡಾನಿನಿಂದ ತಂದ ಹಳೆಯ ಅಸ್ಥಿಪಂಜರಗಳನ್ನು ಅದೇ ಸೂತ್ರದಲ್ಲಿ ಅಳೆಯಲಿಕ್ಕೆ. ಸ್ವಲ್ಪ ನೋಡಿ ಬಹಳ ಹೇಳುವವನು ಎಷ್ಟು ಎಚ್ಚರ ಇರಬೇಕು ಎನ್ನುವ ಲೆಕ್ಕ, ಮೂಳೆಗೂ ಗದ್ದೆಗೂ ಓಚರಿಗೂ ಒಂದೇ.

ಆ ಸಂಜೆ ಭಾವ ಹೇಳಿದ ಒಂದು ಮಾತು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಅಡಿಕೆ ದಾಸ್ತಾನು ನೋಡುವಾಗ ಎರಡು ದಾರಿ ಇದೆಯಂತೆ. ಪುಸ್ತಕದಲ್ಲಿ ಬರೆದ ಚೀಲವನ್ನು ಗೋದಾಮಿನಲ್ಲಿ ಹುಡುಕಿದರೆ ಇಲ್ಲದ್ದನ್ನು ಬರೆದದ್ದು ಸಿಗುತ್ತದೆ. ಗೋದಾಮಿನಲ್ಲಿ ಒಂದು ಚೀಲದ ಮೇಲೆ ಕೈಯಿಟ್ಟು ಅದನ್ನು ಪುಸ್ತಕದಲ್ಲಿ ಹುಡುಕಿದರೆ ಬರೆಯದೇ ಬಿಟ್ಟದ್ದು ಸಿಗುತ್ತದೆ. ಹೊಸಬರು ಮೊದಲನೆಯದನ್ನು ಮಾಡಿ ಮನೆಗೆ ಹೋಗುತ್ತಾರೆ.

ನಮ್ಮ ಮೂಲದ ಪ್ರಶ್ನೆ ಪೂರ್ತಿ ಮೊದಲನೆಯ ದಾರಿಯದ್ದು. ಪುಸ್ತಕದಲ್ಲಿ ಅಹಿಚ್ಛತ್ರ ಇದೆ, ಮೈಯಲ್ಲಿ ಇದೆಯೋ ನೋಡು ಎನ್ನುತ್ತೀರಿ. ಮೈಯಲ್ಲಿರುವುದು ಯಾವುದು ಪುಸ್ತಕದಲ್ಲಿಲ್ಲ ಎಂದು ಕೇಳಿ. ಹತ್ತು ತಲೆಮಾರು ಹಿಂದೆ ಹೋದರೆ ನಿಮ್ಮ ವಂಶವೃಕ್ಷದ ಆ ಮೆಟ್ಟಿಲಲ್ಲಿ 1,024 ಜಾಗಗಳಿವೆ. ಗೋತ್ರ ಹೇಳುವುದು ಅದರಲ್ಲಿ ಒಬ್ಬನ ಬಗ್ಗೆ. ಅಪ್ಪನ ಅಪ್ಪನ ಅಪ್ಪ, ಹಾಗೇ ಮೇಲಕ್ಕೆ. ಉಳಿದ 1,023 ಜಾಗಗಳಲ್ಲಿದ್ದವರು ಎಲ್ಲಿಂದ ಬಂದರು? ಅಮ್ಮನಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಒಂದಿದೆ, 16,569 ಅಕ್ಷರದ ಪುಟ್ಟ ಬಳೆ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ. ಗಂಡಸರ ಮೈಯಲ್ಲೂ ಅದಿದೆ, ಆದರೆ ಅವರು ಮಕ್ಕಳಿಗೆ ಕೊಡಲಾರರು. ಆ ಸಾಲಿನ ಹೆಂಗಸರು ಮದುವೆಯಾಗಿ ಬೇರೆ ಮನೆಗೆ ಹೋದರು, ಗೋತ್ರ ಬದಲಾಯಿತು, ಎಷ್ಟೋ ಮನೆಗಳಲ್ಲಿ ಹೆಸರೂ ಬದಲಾಯಿತು. ವಂಶಾವಳಿಯಲ್ಲಿ ಅವರಿಗೆ ಒಂದು ಗೆರೆಯೂ ಇಲ್ಲ.

ಕತ್ತಲಾಗುವ ಹೊತ್ತಿಗೆ ದೊಡ್ಡಪ್ಪ ತೋಟದಿಂದ ಬಂದು ನಮ್ಮ ಪಕ್ಕ ಕೂತಿದ್ದರು. ಇದನ್ನೆಲ್ಲ ಕೇಳುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಕ್ಷಮೆ ಕೇಳಿದೆ, "ಇರ್ಲಿ ಬಿಡು" ಅಂದರು. "ನಿಮ್ಮ ಅಮ್ಮನ ಅಮ್ಮನ ಅಮ್ಮನ ಹೆಸರೇನು ದೊಡ್ಡಪ್ಪ?" ಎಂದು ಕೇಳಿದೆ. ಏಳು ತಲೆಮಾರಿನ ಗಂಡಸರ ಹೆಸರು ನಿದ್ದೆಯಲ್ಲೂ ಹೇಳುವವರು ಸುಮ್ಮನೆ ಕೂತುಬಿಟ್ಟರು.

ಮೂರು ವಾರ ಬಿಟ್ಟು ಫೋನ್ ಬಂತು. ಮಂಚಿಕೇರಿಯ ಹತ್ತಿರ ಇರುವ ಅಕ್ಕನ ಮನೆಗೆ ಹೋಗಿದ್ದರಂತೆ. ತೊಂಬತ್ತರ ಆಕೆಯನ್ನು ಕೂರಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ಮೂವರ ಹೆಸರು ಸಿಕ್ಕಿತು. ನಾಲ್ಕನೆಯವಳ ಹೆಸರು ಅಕ್ಕನಿಗೂ ಗೊತ್ತಿಲ್ಲ. ಎಡಗೈಯಲ್ಲಿ ಅಡಿಕೆ ಸುಲಿಯುತ್ತಿದ್ದಳಂತೆ, ಪಕ್ಕದವರಿಗೆ ಮೊಣಕೈ ತಾಗುತ್ತದೆಂದು ಅವಳನ್ನು ಯಾವಾಗಲೂ ಸಾಲಿನ ಕೊನೆಗೆ ಕೂರಿಸುತ್ತಿದ್ದರಂತೆ, ಅಷ್ಟು ಮಾತ್ರ ಗೊತ್ತು. "ಅದನ್ನೂ ಬರ್ಕಂಡಿದ್ದಿ" ಅಂದರು ದೊಡ್ಡಪ್ಪ.